ಆಸ್ನದ ಮಾತು ಟಿವಿಯಲ್ಲಿ ಕೇಳಬೇಕು

ಬಿಗ್ ಬಾಸ್ ನಡೆಯುವ ತಿಂಗಳುಗಳಲ್ಲಿ ಶನಿವಾರ, ಭಾನುವಾರ ರಾತ್ರಿ ಒಂಬತ್ತರ ಮೇಲೆ ನಾನು ಅವ್ವನಿಗೆ ಫೋನ್ ಮಾಡುವುದಿಲ್ಲ. ಮಾಡಿದರೂ ಮಾತು ಮುಂದೆ ಹೋಗುವುದಿಲ್ಲ. "ಆಮೇಲ್ ಮಾಡಪ್ಪಾ, ಸುದೀಪ ಬಯ್ತಾವ್ನೆ" ಎಂದು ಇಟ್ಟುಬಿಡುತ್ತಾಳೆ. ಯಾರಿಗೆ ಬಯ್ದರು, ಯಾಕೆ ಬಯ್ದರು ಅನ್ನುವುದೆಲ್ಲ ಮಾರನೆಯ ದಿನ ಕಾಫಿ ಹೊತ್ತಿಗೆ ನನಗೆ ಬಂದು ತಲುಪುತ್ತದೆ.

ನಮ್ಮದು ಹಾಸನ ಜಿಲ್ಲೆ, ನಮ್ಮವರ ಬಾಯಲ್ಲಿ ಆಸ್ನ. ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಚಾಕಣದಲ್ಲಿ ಕೆಲಸ, ಚಿಂಚವಾಡದಲ್ಲಿ ಮನೆ. ಕನ್ನಡದ ಶೋಗಳನ್ನೂ ಮರಾಠಿ ಶೋಗಳನ್ನೂ ಊಟ ಮಾಡುತ್ತಾ ನೋಡುತ್ತೇನೆ. ಸಿನಿಮಾ ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದರೆ ಹೋಗಿ ನೋಡುತ್ತೇನೆ. ಎಲ್ಲರೂ ನೋಡುವ ಹಾಗೆ ನೋಡುವವನು ನಾನು. ಆದರೆ ಎರಡು ರಾಜ್ಯದ ಟಿವಿಯನ್ನು ಇಷ್ಟು ವರ್ಷ ಒಟ್ಟೊಟ್ಟಿಗೆ ನೋಡಿದ ಮೇಲೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ಹೇಳಲೇಬೇಕು ಅನ್ನಿಸಿದೆ.

ವಾರದ ಕೊನೆಗೆ ಸುದೀಪ್ ಬಂದು ಮನೆಯೊಳಗಿನವರ ತಪ್ಪು ಒಪ್ಪು ವಿಚಾರಿಸುತ್ತಾರಲ್ಲ, ಅದಕ್ಕೆ ನಮ್ಮವರು ಕಿಚ್ಚನ ಪಂಚಾಯ್ತಿ ಅನ್ನುತ್ತಾರೆ. ಮರಾಠಿ ಬಿಗ್ ಬಾಸನ್ನು ಮಹೇಶ್ ಮಾಂಜ್ರೇಕರ್ ನಡೆಸುತ್ತಿದ್ದಾಗ ಅದೇ ಕೂಟಕ್ಕೆ ಚಾವಡಿ ಅನ್ನುತ್ತಿದ್ದರು. ಆ ಹೆಸರು ಮೊದಲ ಸಲ ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ನಮ್ಮ ಅಜ್ಜನ ಬಾಯಲ್ಲಿ ಕೇಳಿದ ಮಾತು ಅದು. ಕಂದಾಯ ಕಟ್ಟಲು ಚಾವಡಿ, ಬೇಲಿ ಜಗಳ ತೀರಿಸಲು ಚಾವಡಿ. ಹಾಲೆಂಡಿನಲ್ಲಿ 1999ರಲ್ಲಿ ಶುರುವಾದ ಒಂದು ಆಟ ಇಲ್ಲಿಗೆ ಬಂದು ಹಳ್ಳಿಯ ಕಟ್ಟೆ ಮೇಲೆ ಕೂತುಬಿಟ್ಟಿತು. ದಕ್ಷಿಣದ ಭಾಷೆಗಳಲ್ಲಿ ಇದು ಮೊದಲು ಬಂದದ್ದು ಕನ್ನಡಕ್ಕೇ, 2013ರಲ್ಲಿ. ಮರಾಠಿಗೆ ಬಂದದ್ದು ಐದು ವರ್ಷ ಆದ ಮೇಲೆ. ಕನ್ನಡದ ಮೊದಲ ಎರಡು ಸೀಸನ್‌ಗಳ ಮನೆ ಇದ್ದದ್ದು ಲೋಣಾವಳದಲ್ಲಿ. ಚಿಂಚವಾಡದಿಂದ ಲೋಕಲ್ ರೈಲಿನಲ್ಲಿ ಹೆಚ್ಚೂ ಕಡಿಮೆ ಒಂದು ಗಂಟೆ ದಾರಿ. ಆಗ ನಾನು ಪುಣೆಗೆ ಹೊಸಬ. ಕೇಳಲು ಒಬ್ಬರ ಬಾಯಲ್ಲೂ ಕನ್ನಡ ಇರದ ದಿನಗಳವು. ಇಲ್ಲೇ ಪಕ್ಕದ ಬೆಟ್ಟದ ಮೇಲೆ ಹದಿನೈದು ಜನ ಕನ್ನಡದಲ್ಲಿ ಜಗಳ ಆಡುತ್ತಿದ್ದಾರೆ ಅಂತ ನೆನೆಸಿಕೊಂಡರೆ ಎದೆಗೆ ಒಂಥರಾ ಧೈರ್ಯ ಬರುತ್ತಿತ್ತು. ಮೂರನೇ ಸೀಸನ್‌ನಿಂದ ಮನೆ ಬಿಡದಿಗೆ ಹೋಯಿತು.

ನೋಡುವ ರೀತಿಯಲ್ಲಿ ಎರಡೂ ಕಡೆ ವ್ಯತ್ಯಾಸ ಇದೆ. ಪುಣೆಯಲ್ಲಿ ನಮ್ಮ ಮಹಡಿಯಲ್ಲಿ ನಾಲ್ಕು ಮನೆ. ನಾಲ್ಕರಲ್ಲೂ ದೊಡ್ಡ ಟಿವಿ ಇದೆ, ಆದರೆ ಶೋ ನೋಡುವುದು ಅವರವರ ಮೊಬೈಲಿನಲ್ಲಿ. ಗಂಡ ಒಂದು ಕೋಣೆ, ಹೆಂಡತಿ ಒಂದು ಕೋಣೆ, ಮಕ್ಕಳು ಇನ್ನೊಂದು ಕಡೆ. ನಮ್ಮೂರಲ್ಲಿ ಇನ್ನೂ ಹಜಾರದಲ್ಲಿ ಕೂತೇ ನೋಡುತ್ತಾರೆ. ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ ಅನ್ನುವುದು ಒಂದು ಕಾರಣ. ಒಬ್ಬರೇ ನೋಡಿದರೆ ಬಯ್ಯಲು ಜೊತೆ ಇರುವುದಿಲ್ಲ ಅನ್ನುವುದು ದೊಡ್ಡ ಕಾರಣ.

2025ರ ಜನವರಿ 26ರ ರಾತ್ರಿ ನಾನು ಊರಲ್ಲಿದ್ದೆ. ರೋಬಸ್ಟಾ ಕುಯ್ಲು ಜೋರಾಗಿ ನಡೆಯುತ್ತಿತ್ತು. ಕಣದ ತುಂಬ ಹಣ್ಣು ಹರಡಿತ್ತು, ಆ ಹುಳಿ ವಾಸನೆ ಹಜಾರದವರೆಗೂ ಬರುತ್ತಿತ್ತು. ಕನ್ನಡ ಬಿಗ್ ಬಾಸ್ ಹನ್ನೊಂದನೇ ಸೀಸನ್‌ನ ಕೊನೆಯ ದಿನ. ನಮ್ಮ ಮನೆಯಲ್ಲಿ ಏನಿಲ್ಲವೆಂದರೂ ಹದಿನೈದು ಜನ ಸೇರಿದ್ದರು. ಪಕ್ಕದ ಮನೆ ದೊಡ್ಡವ್ವ, ಅವರ ಸೊಸೆ, ತೋಟದ ಲೆಕ್ಕ ಬರೆಯುವ ರೈಟರು, ಕೆಲಸದವರ ಲೈನು ಮನೆಯಿಂದ ಐದಾರು ಜನ. ಅವರಲ್ಲಿ ಕುಯ್ಲಿಗೆ ಅಂತ ಹಾವೇರಿ ಕಡೆಯಿಂದ ಬಂದಿದ್ದ ಗಂಡ ಹೆಂಡತಿ ಇದ್ದರು. ಆ ಅಕ್ಕ ಹೊಸಿಲ ಆಚೆಗೇ ಕೂತಿದ್ದರು. "ಅಲ್ಲಿಗೆ ಟಿವಿ ಕಾಣಕಿಲ್ಲ, ಒಳಿಕ್ ಬಾ" ಎಂದು ಅವ್ವ ಕೈ ಹಿಡಿದು ಒಳಗೆ ಕರೆದುಕೊಂಡು ಬಂದಳು.

ಸುದೀಪ್ ಒಂದು ಕೈಯಲ್ಲಿ ತ್ರಿವಿಕ್ರಮ್ ಕೈ, ಇನ್ನೊಂದರಲ್ಲಿ ಹನುಮಂತನ ಕೈ ಹಿಡಿದು ನಿಂತರು. ಹಜಾರದಲ್ಲಿ ಉಸಿರೇ ಇಲ್ಲ. ಹನುಮಂತನ ಕೈ ಮೇಲೆ ಹೋದಾಗ ಆ ಅಕ್ಕ ಎದ್ದು ನಿಂತು ಎರಡೂ ಕೈ ಜೋಡಿಸಿ ಟಿವಿಗೆ ನಮಸ್ಕಾರ ಮಾಡಿಬಿಟ್ಟರು. "ನಮ್ಮ ಹುಡುಗ್ರೀ ಅವ್ವಾರ, ನಮ್ಮ ಕಡಿ ಹುಡುಗ" ಅಂದರು. ಕಣ್ಣಲ್ಲಿ ನೀರು. ಕುರಿ ಕಾಯುತ್ತಾ ಹಾಡು ಕಲಿತ ಹುಡುಗ. ಮೊದಲು ಸರಿಗಮಪದಲ್ಲಿ ಎರಡನೆಯವನಾಗಿ ನಿಂತವನು. ಬಿಗ್ ಬಾಸ್‌ಗೆ ಆಟದ ನಡುವೆ ಬಂದು, ಲುಂಗಿ ಉಟ್ಟುಕೊಂಡೇ ಓಡಾಡಿ, 5 ಕೋಟಿಗೂ ಹೆಚ್ಚು ವೋಟು ತೆಗೆದುಕೊಂಡು ಗೆದ್ದ. ಬಹುಮಾನ 50 ಲಕ್ಷ.

ಎಲ್ಲರೂ ಹೊರಡುವ ಹೊತ್ತಿಗೆ ರೈಟರಿಗೆ ಮೆಸೇಜು ಬಂತು. ಪಕ್ಕದ ಎಸ್ಟೇಟಿಗೆ ಆನೆಗಳು ಇಳಿದಿವೆ. ನಮ್ಮ ಕಡೆ ಈ ಮೆಸೇಜು ಬಂದ ಮೇಲೆ ಯಾರೂ ಕತ್ತಲಲ್ಲಿ ಕಾಲು ಆಚೆ ಇಡುವುದಿಲ್ಲ. ಅವ್ವ ಮತ್ತೆ ಕಾಫಿಗೆ ಇಟ್ಟಳು. ರಾತ್ರಿ ಒಂದು ಗಂಟೆಯವರೆಗೂ ಎಲ್ಲರೂ ಅಲ್ಲೇ ಇದ್ದರು. ಆ ಹೊತ್ತಿನಲ್ಲಿ ಒಂದು ವಿಷಯ ನನ್ನ ಗಮನಕ್ಕೆ ಬಂತು. ಆ ಅಕ್ಕ ಪೂರ್ತಿ ಹಾವೇರಿ ಮಾತಿನಲ್ಲಿ ತಮ್ಮೂರಿನ ಕಥೆ ಹೇಳುತ್ತಿದ್ದರು. ಅವ್ವ ಒಂದು ಸಲವೂ "ಏನಂದೆ?" ಅಂತ ಕೇಳಲಿಲ್ಲ. ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ. ಆ ಕಡೆಯಿಂದ ಕುಯ್ಲಿಗೆ ಬಂದವರ ಮಾತು ನಮ್ಮವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದಕ್ಕೆ ಅವರ ಮೇಲೇ ರೇಗುತ್ತಿದ್ದರು. ಈಗ ಅವ್ವನ ಕಿವಿ ಪಳಗಿದೆ. ಪಳಗಿಸಿದ್ದು ಟಿವಿ. ಮೂರು ತಿಂಗಳು ದಿನಾ ರಾತ್ರಿ ಹನುಮಂತನ ಮಾತು ಮನೆಯೊಳಗೆ ಬಂದರೆ ಹಾವೇರಿಯ ಹೆಂಗಸು ಪರದೇಶಿ ಅನ್ನಿಸುವುದಿಲ್ಲ. ರಿಯಾಲಿಟಿ ಶೋಗಳಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಈ ರಾತ್ರಿಯ ವಿಷಯ ಹೇಳುತ್ತೇನೆ.

ಆ ಸೀಸನ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಹನುಮಂತ ಮತ್ತು ಧನರಾಜ್ ಆಚಾರ್ ಅವರ ದೋಸ್ತಿ. ಒಬ್ಬನದು ಹಾವೇರಿ ಮಾತು, ಇನ್ನೊಬ್ಬನದು ಕರಾವಳಿ ಮಾತು. ಇಬ್ಬರೂ ತಮ್ಮ ಮಾತು ಬಿಡಲಿಲ್ಲ. ಟಾಸ್ಕಿನ ಗಲಾಟೆ ಎಲ್ಲ ಮರೆತುಹೋಗಿದೆ, ಅವರಿಬ್ಬರೂ ಕೂತು ಹರಟುತ್ತಿದ್ದದ್ದು ನೆನಪಿದೆ.

ಪುಣೆಯಲ್ಲಿ ಮೂರೂವರೆ ತಿಂಗಳು ಮೊದಲು ಇಂಥದ್ದೇ ಒಂದು ಗೆಲುವು ನೋಡಿದ್ದೆ. 2024ರ ಅಕ್ಟೋಬರ್ 6, ನವರಾತ್ರಿಯ ದಿನಗಳು. ಮರಾಠಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದವನು ಸೂರಜ್ ಚವಾಣ್. ಪುಣೆ ಜಿಲ್ಲೆಯದೇ ಬಾರಾಮತಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗ. ತಂದೆ ತಾಯಿ ಇಲ್ಲ, ಹೆಚ್ಚು ಓದಲಿಲ್ಲ, ರೀಲ್ಸ್ ಮಾಡಿ ಹೆಸರಾದವನು. ನಮ್ಮ ಎದುರು ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಕಣ್ಣೊರೆಸಿಕೊಂಡರು. ಅವರ ಮಗ ಮಾತ್ರ ಒಪ್ಪಲಿಲ್ಲ. "ಅಯ್ಯೋ ಪಾಪ ಅಂತ ವೋಟು ಹಾಕಿದ್ದಾರೆ, ಆಟ ಎಲ್ಲಿ ಆಡಿದ?" ಅಂದ. ಹನುಮಂತ ಗೆದ್ದಾಗ ಬೆಂಗಳೂರಿನ ನನ್ನ ಗೆಳೆಯನೊಬ್ಬ ಅಕ್ಷರಕ್ಕೆ ಅಕ್ಷರ ಇದನ್ನೇ ಹೇಳಿದ.

ನಾನು ಇದನ್ನು ಒಪ್ಪುವುದಿಲ್ಲ. ಹನುಮಂತ ಬುದ್ಧಿವಂತ ಆಟಗಾರ. ಎಲ್ಲಿ ಸುಮ್ನೆ ಇರಬೇಕು, ಎಲ್ಲಿ ಒಂದು ಮಾತು ಹಾಕಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ಹಳ್ಳಿಯ ಹುಡುಗ ಗೆದ್ದರೆ ಅದು ಕನಿಕರದ ಗೆಲುವು, ಪಟ್ಟಣದವನು ಗೆದ್ದರೆ ಅದು ಆಟದ ಗೆಲುವು ಅನ್ನುವುದು ಸರಿಯಲ್ಲ. ಆದರೂ ಆ ಮಾತು ಹುಟ್ಟುವುದಕ್ಕೆ ಕಾರಣ ಇದೆ. ಆ ಕಾರಣ ಶೋ ಮಾಡುವವರ ಹತ್ತಿರವೇ ಇದೆ. ಅವರಿಗೆ ಬೇಕಾಗಿರುವುದು ಕಷ್ಟ.

ನನ್ನ ಅಣ್ಣನ ಮಗಳು ಚೆನ್ನಾಗಿ ಹಾಡುತ್ತಾಳೆ. ಎರಡು ವರ್ಷದ ಹಿಂದೆ ಒಂದು ಹಾಡಿನ ಶೋಗೆ ಹಾಸನದಲ್ಲಿ ಆಡಿಷನ್ ಇತ್ತು. ಯಾವ ವಾಹಿನಿ ಅಂತ ಹೇಳುವುದು ಬೇಡ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಮೊದಲ ಬಸ್ಸಿಗೆ ಸಕಲೇಶಪುರ, ಅಲ್ಲಿಂದ ಹಾಸನ. ಟೋಕನ್ ತೆಗೆದುಕೊಂಡು ಮಧ್ಯಾಹ್ನ ಮೂರರವರೆಗೆ ನಿಂತಿದ್ದಾಳೆ. ಒಳಗೆ ಎರಡು ಸಾಲು ಹಾಡಿದ್ದಾಳೆ. ದನಿ ಚೆನ್ನಾಗಿದೆ ಅಂದಿದ್ದಾರೆ. ಆಮೇಲೆ ಯಾವ ಊರಮ್ಮ ಅಂತ ಕೇಳಿದ್ದಾರೆ. ಇವಳು ಎಂದಿನ ಹಾಗೆ "ಆಸ್ನದ ಕಡೆ ಸಾರ್" ಅಂದಿದ್ದಾಳೆ. ಅಲ್ಲಿ ಕೂತಿದ್ದವರು ನಕ್ಕು, "ಹಾಸನ ಅನ್ನು, ಹಾ ಬರಲ್ವಾ? ಸ್ಪಷ್ಟವಾಗಿ ಮಾತಾಡು" ಅಂದಿದ್ದಾರೆ. ಅದಾದ ಮೇಲೆ ಇನ್ನೊಂದು ಪ್ರಶ್ನೆ. "ಮನೇಲಿ ಏನಾದ್ರೂ ಕಷ್ಟ ಇದೆಯಾ? ಅಪ್ಪ ಅಮ್ಮ ಇದ್ದಾರಾ?" ಇದ್ದಾರೆ ಅಂದಳಂತೆ. ಸಾಲ ಗೀಲ? ಅಂಥದ್ದೇನೂ ಇಲ್ಲ ಸಾರ್, ಮೂರೆಕರೆ ತೋಟ ಇದೆ ಅಂದಳಂತೆ. ಸರಿ, ಫೋನ್ ಮಾಡ್ತೀವಿ ಅಂದರು. ಮಾಡಲಿಲ್ಲ.

ಹಾಡಿನಲ್ಲಿ ಸೋತಿದ್ದರೆ ಯಾರಿಗೂ ಬೇಜಾರಿರುತ್ತಿರಲಿಲ್ಲ. ಮಗು ರಾತ್ರಿ ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು: "ಚಿಕ್ಕಪ್ಪ, ನಮಗೆ ಕಷ್ಟ ಇಲ್ಲ ಅನ್ನೋದು ತಪ್ಪಾ?" ಏನು ಹೇಳಬೇಕೋ ತಿಳಿಯಲಿಲ್ಲ. ಇವತ್ತಿಗೂ ಆ ಪ್ರಶ್ನೆ ನೆನಪಾದರೆ ಸಂಕಟ ಆಗುತ್ತದೆ. ಹದಿನಾರು ವರ್ಷದ ಹುಡುಗಿಯ ಬಾಯಲ್ಲಿ ಅಂಥ ಪ್ರಶ್ನೆ ಬರಬಾರದಿತ್ತು.

ಕಷ್ಟ ತೋರಿಸಿ ಮೇಲೆ ತಂದವರನ್ನು ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದೂ ನನ್ನನ್ನು ಕಾಡುತ್ತದೆ. ಹಳ್ಳಿ ಹುಡುಗರನ್ನು ಪೇಟೆಗೆ ತಂದು ಬಿಡುವ ಒಂದು ಶೋ ಬಂದಿತ್ತಲ್ಲ, ಅದರಲ್ಲಿ ಹೆಚ್.ಡಿ. ಕೋಟೆಯ ಹಾಡಿಯ ಹುಡುಗ ರಾಜೇಶ್ ಗೆದ್ದ. ಸಿನಿಮಾಕ್ಕೂ ಬಂದ. 2013ರಲ್ಲಿ ತೀರಿಕೊಂಡ. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಅವ್ವ ಟಿವಿ ಹಾಕಲಿಲ್ಲ. ಅವನು ಗೆದ್ದಾಗ ಕುಣಿದವರು ನಾವೇ ಅಲ್ವಾ?

ಇನ್ನು ಮಾತಿನ ವಿಷಯ. ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ ಅಂದೆನಲ್ಲ, ಅದು ಇದೇ.

ಕನ್ನಡ ಟಿವಿಯಲ್ಲಿ ಈಗ ಎಷ್ಟೋ ಊರಿನ ಕನ್ನಡ ಕೇಳುತ್ತದೆ. ಹತ್ತು ಹದಿನೈದು ವರ್ಷದ ಹಿಂದೆ ಇಷ್ಟು ಕೇಳುತ್ತಿರಲಿಲ್ಲ. 2016ರಲ್ಲಿ ಶುರುವಾದ ಕಾಮಿಡಿ ಕಿಲಾಡಿಗಳು ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿತು. ಅದರ ಮೊದಲ ಸೀಸನ್ ಗೆದ್ದ ಶಿವರಾಜ್ ಕೆ.ಆರ್. ಪೇಟೆ, ಆಮೇಲೆ ಬಂದ ಗಿಲ್ಲಿ ನಟ, ಇವರೆಲ್ಲ ಮಂಡ್ಯದ ಮಾತನ್ನು ಮನೆಮನೆಗೆ ತಲುಪಿಸಿದರು. ಬಿಗ್ ಬಾಸ್ ಗೆದ್ದ ಮಂಜು ಪಾವಗಡ ಇದ್ದಾರೆ. ಕರಾವಳಿಯಿಂದ ಬಂದು ಗೆದ್ದ ರೂಪೇಶ್ ಶೆಟ್ಟಿ ಇದ್ದಾರೆ. ಧಾರವಾಡ, ಹುಬ್ಬಳ್ಳಿ ಮಾತಿಗಂತೂ ಈಗ ಎಲ್ಲ ಕಡೆ ಪ್ರೀತಿ. ಕೆ.ಆರ್. ಪೇಟೆ ನಮ್ಮ ಚನ್ನರಾಯಪಟ್ಟಣದ ಪಕ್ಕದ ತಾಲ್ಲೂಕು. ಅಲ್ಲಿಯವರೆಗೆ ಬಂದ ಟಿವಿ ಇನ್ನೊಂದು ಹೆಜ್ಜೆ ಈಚೆಗೆ ಬರಲಿಲ್ಲ. ಹಾಸನದ ಬಯಲು ಸೀಮೆಯ "ಓಯ್ತೀನಿ ಕಣವ್ವ", ಸಕಲೇಶಪುರದ ಮಾತು, ಮೂಡಿಗೆರೆ ಕೊಪ್ಪದ "ಎಂತ ಮಾರಾಯ", ಇವು ಎಲ್ಲಿ?

ನಮ್ಮ ಕಡೆಯವರು ತೆರೆಯ ಮೇಲೆ ಇಲ್ಲ ಅಂತಲ್ಲ. ಯಶ್ ಹುಟ್ಟಿದ್ದು ಹಾಸನ ಜಿಲ್ಲೆಯ ಭುವನಹಳ್ಳಿಯಲ್ಲಿ. ಬಿಗ್ ಬಾಸ್ ಐದನೇ ಸೀಸನ್ ಗೆದ್ದ ಚಂದನ್ ಶೆಟ್ಟಿ ಹಾಸನದವರು. ಡಾಲಿ ಧನಂಜಯ ಅರಸೀಕೆರೆ ತಾಲ್ಲೂಕಿನ ಕಾಳೇನಹಳ್ಳಿಯವರು. ಜನ ಇದ್ದಾರೆ, ಹೆಸರು ಇದೆ. ನಮ್ಮ ಬೆಟ್ಟಗಳೂ ಇವೆ, ಬೇಕಾದಷ್ಟು ಇವೆ. 2006ರ ಕೊನೆಗೆ ಬಂದ ಮುಂಗಾರು ಮಳೆಯ ಕಥೆ ಮಡಿಕೇರಿಯದು, ಆದರೆ ಚಿತ್ರೀಕರಣ ಸಕಲೇಶಪುರದ ಸುತ್ತಲೂ ನಡೆಯಿತು. ಅಂದಿನಿಂದ ಹಸಿರು ಗುಡ್ಡ ಬೇಕು, ಮಂಜು ಬೇಕು, ಮಳೆಯಲ್ಲಿ ಒಂದು ಹಾಡು ಬೇಕು ಅಂದರೆ ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ ಬರುತ್ತಾರೆ. ಮುಳ್ಳಯ್ಯನಗಿರಿ ಮೇಲೆ ಡ್ರೋನ್ ಹಾರಿಸುತ್ತಾರೆ. ಆ ಗುಡ್ಡದ ಕೆಳಗೆ ಕಾಫಿ ಕುಯ್ಯುತ್ತಿರುವ ಹೆಂಗಸು ಹೇಗೆ ಮಾತಾಡುತ್ತಾಳೆ ಅಂತ ಯಾರೂ ಮೈಕ್ ಹಿಡಿಯುವುದಿಲ್ಲ. ಸಿನಿಮಾದಲ್ಲಿ ಎಸ್ಟೇಟ್ ಮಾಲೀಕ ಬಂದರೆ ಬೆಂಗಳೂರಿನ ಕನ್ನಡ ಮಾತಾಡುತ್ತಾನೆ. ಅವನ ಆಳು ಬಂದರೆ ಮಂಡ್ಯದ ಕನ್ನಡ ಮಾತಾಡುತ್ತಾನೆ.

ಒಂದೇ ಒಂದು ಸಲ ನನಗೆ ನೆಮ್ಮದಿಯಾಗಿದ್ದು 2023ರಲ್ಲಿ ಡೇರ್‌ಡೆವಿಲ್ ಮುಸ್ತಾಫಾ ನೋಡಿದಾಗ. ಮೂಡಿಗೆರೆಯಲ್ಲಿ ಬಾಳಿದ ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ, ಧನಂಜಯ ಅದನ್ನು ಜನರ ಮುಂದೆ ತಂದರು. ಕಥೆ ನಡೆಯುವ ಅಬಚೂರು ಭೂಪಟದಲ್ಲಿ ಇಲ್ಲದ ಊರು. ಆದರೂ ಆ ಕಾಲೇಜು, ಆ ಹುಡುಗರು, ಆ ಕ್ರಿಕೆಟ್ ಜಗಳ ನೋಡುತ್ತಾ ನನಗೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ಆಯಿತು. ಚಿಂಚವಾಡದ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಸಲ ನೋಡಿದೆ.

ಇದೇ ವಿಷಯದಲ್ಲಿ ಮರಾಠಿಯವರನ್ನು ನೋಡಿ. ಚಲಾ ಹವಾ ಯೇವೂ ದ್ಯಾ ಶೋ ಹತ್ತು ವರ್ಷ ನಡೆಯಿತು. ಅದರಲ್ಲಿ ಭಾರತ್ ಗಣೇಶಪುರೆ ವಿದರ್ಭದ ವರ್ಹಾಡಿ ಮಾತಿನಲ್ಲೇ ನಗಿಸುತ್ತಿದ್ದರು. ಪುಣೆಯವರಿಗೆ ತಮ್ಮ ಮರಾಠಿಯೇ ಶುದ್ಧ ಅನ್ನುವ ಹೆಮ್ಮೆ ಇದೆ. ಅಂಥ ಪುಣೆಯವರೇ ಕೂತು ಅವರ ಮಾತಿಗೆ ಚಪ್ಪಾಳೆ ಹೊಡೆದರು. ಮಹಾರಾಷ್ಟ್ರಾಚಿ ಹಾಸ್ಯಜತ್ರಾದಲ್ಲಿ ಕೊಂಕಣದ ಮಾತು ಬರುತ್ತದೆ, ಮುಂಬೈ ಚಾಳಿನ ಮಾತು ಬರುತ್ತದೆ. 2016ರಲ್ಲಿ ಸೈರಾಟ್ ಬಂದಾಗ ಕರಮಾಳದ ಹಳ್ಳಿ ಮರಾಠಿಯನ್ನು ಇಡೀ ರಾಜ್ಯ ತಲೆ ಮೇಲೆ ಹೊತ್ತುಕೊಂಡಿತು. ಆ ಕಥೆ ಮರುವರ್ಷ ಕನ್ನಡಕ್ಕೂ ಬಂತು, ನಾಯಕಿಯೂ ಅದೇ ಹುಡುಗಿ. ನೋಡಿದೆ. ಆ ಮಣ್ಣು ನನಗೆ ಕಾಣಲಿಲ್ಲ. ಕಾಂತಾರ ಬಂದಾಗ ಕಾಕುವಿನ ಮಗ ಹಿಂದಿಯಲ್ಲಿ ನೋಡಿ ಬಂದು, ಕನ್ನಡದಲ್ಲಿ ಇದು ಹೇಗೆ ಕೇಳುತ್ತದೆ ಅಂತ ನನ್ನನ್ನು ಕೇಳಿದ. ಮೊಬೈಲಿನಲ್ಲಿ ನಾಲ್ಕು ದೃಶ್ಯ ತೋರಿಸಿದೆ. ಮಾತು ಅರ್ಥವಾಗದಿದ್ದರೂ "ಇದೇ ಚೆನ್ನಾಗಿದೆ" ಅಂದ. ಊರಿನ ಮಾತಿಗೆ ಅಂಥ ಶಕ್ತಿ ಇರುತ್ತದೆ.

ಮರಾಠಿಯಲ್ಲಿ ನನಗೆ ಇನ್ನೊಂದು ಶೋ ತುಂಬಾ ಇಷ್ಟ. ಹೋಮ್ ಮಿನಿಸ್ಟರ್. 2004ರಲ್ಲಿ ಶುರುವಾಗಿ ವರ್ಷಾನುಗಟ್ಟಲೆ ನಡೆಯಿತು. ಆದೇಶ್ ಬಾಂದೇಕರ್ ಸಾಮಾನ್ಯರ ಮನೆಗೇ ಬರುತ್ತಿದ್ದರು. ಹೆಂಗಸರಿಗೆ ಅವರು ಭಾವೋಜಿ, ಅಂದರೆ ಭಾವ. ಮನೆಯಾಕೆಯ ಹತ್ತಿರ ಮದುವೆ ಆದ ಕಥೆ ಕೇಳುವುದು, ಚಿಕ್ಕ ಆಟ ಆಡಿಸುವುದು, ಗೆದ್ದವರಿಗೆ ಪೈಠಣಿ ಸೀರೆ. ಅಷ್ಟೇ. ನಮ್ಮ ಕಾಕು ಅದರಲ್ಲಿ ಗೆದ್ದವರು. ಒಂದು ದಿನ ಬೀರು ತೆಗೆದು ಆ ಸೀರೆ ತೋರಿಸಿದರು. ಬಿಳಿ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ನೇರಳೆ ಬಣ್ಣ, ಸೆರಗಿನಲ್ಲಿ ಜರಿಯ ನವಿಲು. ಮಡಿಕೆ ಇದ್ದ ಜಾಗದಲ್ಲಿ ಸೀರೆ ಬಿಟ್ಟುಹೋಗದಿರಲಿ ಅಂತ ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತಾರಂತೆ. ಉಟ್ಟದ್ದು ಮೂರೇ ಸಲ. "ನನ್ನ ಹತ್ತಿರ ಯಾರೂ ದುಃಖ ಕೇಳಲಿಲ್ಲ. ನನ್ನ ಯಜಮಾನರು ಮೊದಲ ಸಲ ಸಿನಿಮಾಕ್ಕೆ ಕರೆದುಕೊಂಡು ಹೋದದ್ದು ಕೇಳಿದರು" ಅಂದರು ಕಾಕು. ನಮ್ಮ 'ಕಷ್ಟ ಇದೆಯಾ' ಅನ್ನುವ ಪ್ರಶ್ನೆ ನೆನಪಾಗಿ ನಾನು ಸುಮ್ಮನೆ ಸೀರೆ ನೋಡುತ್ತಾ ಕೂತೆ.

ಪೂರ್ತಿ ತಪ್ಪು ಟಿವಿಯವರದು ಅಂತ ಹೇಳಲಾರೆ. ಇದರಲ್ಲಿ ನಮ್ಮದೂ ಇದೆ.

ಕಾಕು ಮತ್ತು ಅವರ ಯಜಮಾನರು ತಿಂಗಳಿಗೊಂದು ನಾಟಕಕ್ಕೆ ಹೋಗುತ್ತಾರೆ. ಚಿಂಚವಾಡದಲ್ಲೇ ರಾಮಕೃಷ್ಣ ಮೋರೆ ರಂಗಮಂದಿರ ಇದೆ. 300, 400 ರೂಪಾಯಿ ಕೊಟ್ಟು ಟಿಕೆಟ್ ತೆಗೆದುಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು, ವಿರಾಮದಲ್ಲಿ ಬಟಾಟೆ ವಡೆ ತಿಂದು ಬರುತ್ತಾರೆ. ಮರಾಠಿ ನಾಟಕ ಶುರುವಾದದ್ದು 1843ರಲ್ಲಿ ಸಾಂಗ್ಲಿಯಲ್ಲಿ, ವಿಷ್ಣುದಾಸ ಭಾವೆ ಅವರಿಂದ. ಅದಕ್ಕೆ ದಾರಿ ತೋರಿಸಿದ್ದು ಉತ್ತರ ಕನ್ನಡದ ಕರ್ಕಿಯಿಂದ ಹೋದ ಯಕ್ಷಗಾನ ಮೇಳದ ಆಟ. ಇದನ್ನು ನಾನು ಹೇಳಿದಾಗ ಕಾಕಾ ತಮಗೆ ಮೊದಲೇ ಗೊತ್ತಿತ್ತು ಅಂದರು. ಇಲ್ಲಿಯವರಿಗೆ ನಾಟಕದ ವಿಷಯ ಅಷ್ಟು ಗೊತ್ತಿರುತ್ತದೆ.

ನಮ್ಮ ಹಾಸನದ ಕಡೆ ರೀತಿ ಉಲ್ಟಾ. ಪುಣೆಯವರು ದುಡ್ಡು ಕೊಟ್ಟು ನಾಟಕ ನೋಡುತ್ತಾರೆ, ನಮ್ಮವರು ದುಡ್ಡು ಕೊಟ್ಟು ನಾಟಕ ಆಡುತ್ತಾರೆ. ಕುರುಕ್ಷೇತ್ರ ನಾಟಕ ಅಂದರೆ ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ದುಡ್ಡು. ತೆಂಗು ಮಾರಿದ ದುಡ್ಡು, ಹಸು ಮಾರಿದ ದುಡ್ಡು ತಂದು ಹಾಕಿ ಪಾತ್ರ ತೆಗೆದುಕೊಂಡವರನ್ನು ನಾನು ಕಂಡಿದ್ದೇನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಇಡೀ ರಾತ್ರಿ ಆಟ. ಹಳ್ಳಿಯಲ್ಲೂ ಆಡುತ್ತಾರೆ, ಹಾಸನಾಂಬ ಕಲಾಕ್ಷೇತ್ರದಲ್ಲೂ ಆಡುತ್ತಾರೆ. ಇಷ್ಟು ಹುಚ್ಚಿರುವ ಜನ ಬೇರೆ ಎಲ್ಲೂ ಸಿಗುವುದಿಲ್ಲ. ಅದರ ಬಗ್ಗೆ ನನಗೆ ತುಂಬಾ ಹೆಮ್ಮೆ.

ಆದರೆ ವೇದಿಕೆ ಹತ್ತಿದ ಕೂಡಲೇ ನಮ್ಮವರ ಮಾತು ಬದಲಾಗುತ್ತದೆ. ಚಿಕ್ಕಂದಿನಲ್ಲಿ ನೋಡಿದ ಒಂದು ಆಟ ಕಣ್ಣ ಮುಂದೆ ಇದೆ. ಭೀಮನ ಪಾತ್ರದ ಮಾವ ವೇದಿಕೆ ಮೇಲೆ ಪುಸ್ತಕದ ಕನ್ನಡದಲ್ಲಿ ಗುಡುಗಿ, ಪರದೆ ಹಿಂದೆ ಬಂದು ಗದೆ ಕೆಳಗಿಟ್ಟು "ಒಸಿ ನೀರ್ ಕೊಡ್ಲಾ ಮಗ" ಅಂದರು. ಮನೆಯ ಮಾತು ಪರದೆಯ ಹಿಂದೆ, ಪುಸ್ತಕದ ಮಾತು ಪರದೆಯ ಮುಂದೆ. ಈ ಭಾಗ ಮಾಡಿಕೊಂಡವರು ನಾವೇ. ಮಗು ಶಾಲೆಯಲ್ಲಿ "ಓಯ್ತೀನಿ" ಅಂದರೆ ತಿದ್ದುತ್ತೇವೆ. ನೆಂಟರ ಮುಂದೆ ಸರಿಯಾಗಿ ಮಾತಾಡು ಅನ್ನುತ್ತೇವೆ. ಪುಣೆಯ ಕನ್ನಡ ಕೂಟದಲ್ಲಿ ನಾನೂ ಮೊದಲ ಎರಡು ವರ್ಷ ಬೆಂಗಳೂರು ಕನ್ನಡವನ್ನೇ ಮಾತಾಡಿದೆ. ಧಾರವಾಡದವರು ಅಲ್ಲಿ ತಮ್ಮ ಮಾತಿನಲ್ಲೇ ಜೋರಾಗಿ ನಗುತ್ತಾ ಮಾತಾಡುತ್ತಿದ್ದರು. ಅವರನ್ನು ನೋಡಿ ನೋಡಿ ನಾನು ನನ್ನ ಮಾತಿಗೆ ಮರಳಿದೆ. ನಮ್ಮ ಮಾತಿಗೆ ನಾವೇ ನಾಚಿಕೊಂಡರೆ ಟಿವಿಯವರು ಯಾಕೆ ಬೆಲೆ ಕೊಡುತ್ತಾರೆ?

ಅದಕ್ಕೇ ಅಣ್ಣನ ಮಗಳಿಗೆ ಒಂದು ಮಾತು ಹೇಳಿದ್ದೆ. ಹಾಡು ಬಿಡಬೇಡ, ಮಾತೂ ಬಿಡಬೇಡ. ಈ ಸಲದ ಕುಯ್ಲಿನಲ್ಲಿ ಅವಳು ಮೊಬೈಲು ಹಿಡಿದು ಕಣದಲ್ಲೇ ವಿಡಿಯೊ ಮಾಡಲು ಶುರು ಮಾಡಿದ್ದಾಳೆ. ಹಣ್ಣು ಹರಡುತ್ತಾ, ಅವ್ವನನ್ನು ಮಾತಿಗೆ ಎಳೆಯುತ್ತಾ, ನಡುವೆ ಒಂದು ಸೋಬಾನೆ ಪದ ಹಾಡುತ್ತಾಳೆ. ಅವ್ವ ಮೊದಲು "ನನ್ನ್ ಮಾತ್ನ ಯಾರ್ ಕೇಳಾರು, ಓಗತ್ಲಾಗೆ" ಎಂದು ಸೆರಗು ಮುಖಕ್ಕೆ ಹಿಡಿದುಕೊಂಡಳು. ನಾಲ್ಕನೇ ವಿಡಿಯೊಗೆ ಬಿಗ್ ಬಾಸ್ ಬಗ್ಗೆ ತನ್ನ ತೀರ್ಪನ್ನೇ ಕೊಟ್ಟಿದ್ದಾಳೆ. ಯಾರು ಒಳಗೆ ಇರಬೇಕು, ಯಾರನ್ನು ಯಾಕೆ ಕಳಿಸಬೇಕು, ಎಲ್ಲ ಇದೆ.

ಅದನ್ನು ಕಾಕುವಿಗೆ ತೋರಿಸಿದೆ. ಕನ್ನಡ ಬಾರದಿದ್ದರೂ ಎರಡು ಸಲ ನೋಡಿದರು. ಸೋಬಾನೆ ಪದ ಬಂದಾಗ ತಮ್ಮ ಕಡೆ ಮದುವೆಯಲ್ಲಿ ಹೆಂಗಸರು ಹೀಗೇ ಎಳೆದು ಹಾಡುತ್ತಾರೆ ಅಂದರು. ಆಮೇಲೆ "ಆ ಹುಡುಗಿ ಮೊದಲಲ್ಲೇ ಏನೋ ಹೇಳುತ್ತಾಳಲ್ಲ, ಆಸ್ನ, ಹಾಗಂದರೆ ಏನು?" ಅಂತ ಕೇಳಿದರು. ನಮ್ಮ ಊರು ಕಾಕು ಅಂದೆ.

ಮುಂದಿನ ತಿಂಗಳು ಹಾಸನದಲ್ಲಿ ಮತ್ತೆ ಆಡಿಷನ್ ಇದೆಯಂತೆ. ಹೋಗ್ತೀಯಾ ಅಂತ ಮೊನ್ನೆ ಅಣ್ಣನ ಮಗಳನ್ನು ಕೇಳಿದೆ.

"ಓಯ್ತೀನಿ ಚಿಕ್ಕಪ್ಪ" ಅಂದಳು. "ಯಾವೂರು ಅಂತ ಕೇಳುದ್ರೆ ಆಸ್ನ ಅಂತ್ಲೇ ಯೋಳ್ತೀನಿ."